ಪೀಸು ಮುಗೀಲಿ

ಮಕ್ಕಳ ರೂಮಿನ ಬಾಗಿಲಲ್ಲಿ ಬೆಳಿಗ್ಗೆ ಆಯಮ್ಮ ನಿಂತಿರುತ್ತಾಳೆ. ಅವಳ ಕೆಲಸ ಹಣೆ ಮುಟ್ಟಿ ನೋಡುವುದು. ಹಣೆ ತಣ್ಣಗಿದ್ದರೆ ಮಗು ಒಳಗೆ, ತಾಯಿ ಮೆಷಿನ್ನಿಗೆ. ಬಿಸಿಯಿದ್ದರೆ ಇಬ್ಬರೂ ಮನೆಗೆ. ಬಟ್ಟೆ ಫ್ಯಾಕ್ಟರಿಯ ಕಾನೂನು ಅಷ್ಟೇ.

ಮನೆಗೆ ಹೋದವಳ ಕತೆ ಎಲ್ಲರಿಗೂ ಗೊತ್ತು. ಮಾರನೆಯ ದಿನ ಬಂದರೆ ಅವಳ ಮೆಷಿನ್ನಿನ ಮುಂದೆ ಬೇರೊಬ್ಬಳು ಕೂತಿರುತ್ತಾಳೆ. ಇವಳು ನೂಲು ಕತ್ತರಿಸುವ ಮೂಲೆಗೆ. ಇನ್ನೊಮ್ಮೆ ರಜೆ ಹಾಕಿದರೆ ಗೇಟಿನ ಆಚೆಗೆ. ಮಕ್ಕಳು ಜ್ವರ ಬರಿಸಿಕೊಳ್ಳುವ ಮೊದಲು ಫ್ಯಾಕ್ಟರಿಯವರನ್ನು ಒಂದು ಮಾತು ಕೇಳಬೇಕು ನೋಡಿ!

ಅದಕ್ಕೇ ತಾಯಂದಿರು ದಾರಿ ಕಂಡುಕೊಂಡಿದ್ದರು. ಮನೆ ಬಿಡುವ ಮೊದಲು ಮಗುವಿನ ಮೂಗು ಹಿಡಿದು ಜ್ವರದ ಔಷಧಿ ಕುಡಿಸುವುದು. ಗೇಟಿನ ಹತ್ತಿರದ ತಿರುವಿನಲ್ಲಿ, ಮುಚ್ಚಿಹೋದ ಅಂಗಡಿಯೊಂದರ ಜಗಲಿಯಲ್ಲಿ ಕೂತು, ಒದ್ದೆ ಬಟ್ಟೆಯಿಂದ ಹಣೆ ಒರೆಸುವುದು. ಒಬ್ಬಳಲ್ಲ, ಇಬ್ಬರಲ್ಲ, ಎಲ್ಲರೂ. ಜ್ವರ ಇಲ್ಲದ ಮಗುವಿನ ತಾಯಿಯ ಬ್ಯಾಗಿನಲ್ಲೂ ಆ ಬಾಟಲಿ ಇರುತ್ತಿತ್ತು. ಆಯಮ್ಮನಿಗೆ ಗೊತ್ತಿರಲಿಲ್ಲವೆ? ಮಕ್ಕಳ ಬಾಯಿಂದ ಔಷಧಿಯ ಸಿಹಿ ವಾಸನೆ ಘಮ್ಮೆಂದು ಹೊಡೆಯುತ್ತಿತ್ತು. ಅವಳು ಹಣೆ ಮುಟ್ಟಿ, ಮುಖ ಆ ಕಡೆ ತಿರುಗಿಸಿ, "ಹ್ಞೂಂ, ನಡಿ" ಅನ್ನುತ್ತಿದ್ದಳು. ಅವಳಿಗೆ ಮುಟ್ಟಿ ನೋಡು ಅಂದಿದ್ದರು, ಮೂಸಿ ನೋಡು ಅಂದಿರಲಿಲ್ಲ.

ಈ ಕತೆಯ ಹೆಂಗಸನ್ನು ಲೈನಿನಲ್ಲಿ ಎಲ್ಲರೂ ಇಲಾಸ್ಟಿಕ್ಕು ಅನ್ನುತ್ತಿದ್ದರು. ಅಲ್ಲಿ ಹೊಲಿಯುವುದು ಎಳೆ ಮಕ್ಕಳ ಚಡ್ಡಿ. ಎಡಗಡೆಯಿಂದ ಪಕ್ಕೆ ಹೊಲಿದ ಚಡ್ಡಿ ಬರುತ್ತದೆ. ಇವಳು ಸೊಂಟಕ್ಕೆ ಇಲಾಸ್ಟಿಕ್ ಎಳೆದು ಹೊಲಿದು ಬಲಕ್ಕೆ ತಳ್ಳುತ್ತಾಳೆ. ಬಲಗಡೆಯವಳು ಕಾಲಿನ ಅಂಚು ಮಡಿಸುತ್ತಾಳೆ. ಆ ಬಲಗಡೆಯವಳೇ ಗಿಳಿ. ಅವಳ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ, ಅದಕ್ಕೇ ಆ ಹೆಸರು.

"ನಮ್ ಮಕ್ಕಳು ಹಾಲು ಕುಡಿದು ಬೆಳೆದಿದ್ದಲ್ಲ ಕಣೇ ಇಲಾಸ್ಟಿಕ್ಕು, ಈ ಗುಲಾಬಿ ಔಷಧಿ ಕುಡಿದು ಬೆಳೆದಿದ್ದು," ಅನ್ನುತ್ತಿದ್ದಳು ಗಿಳಿ. ಅವಳ ಮಗಳೂ ಅದೇ ರೂಮಿನಲ್ಲಿರುತ್ತಿತ್ತು.

ಸೂಪರ್‌ವೈಸರನನ್ನು ಅಣಕಿಸುವುದರಲ್ಲೂ ಗಿಳಿಯದೇ ಎತ್ತಿದ ಕೈ. ಆ ಮನುಷ್ಯನಿಗೆ ಗೊತ್ತಿದ್ದುದು ಒಂದೇ ಮಾತು. ಸಾರ್, ಒಂದಕ್ಕೆ ಹೋಗ್ಬೇಕು. "ಪೀಸು ಮುಗೀಲಿ." ಸಾರ್, ಸೂಜಿ ಬೆರಳಿಗೆ ಚುಚ್ಚಿದೆ. "ಪೀಸು ಮುಗೀಲಿ." ತಾಯಿ ಸತ್ತ ಸುದ್ದಿ ಬಂದವಳಿಗೂ ಅದನ್ನೇ ಅಂದಿದ್ದ. ತಿರುಗಿಯೂ ನೋಡುತ್ತಿರಲಿಲ್ಲ, ಕೈ ಎತ್ತಿ ಅನ್ನುತ್ತಿದ್ದ. ಊಟದ ಹೊತ್ತಿನಲ್ಲಿ ಗಿಳಿ ಹಾಗೇ ಕೈ ಎತ್ತಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮಕ್ಕಳ ರೂಮಿಗೆ ಬಣ್ಣ ಹೊಡೆಸಿದ್ದರು. ಬಟ್ಟೆ ಕೊಳ್ಳುವ ದೊಡ್ಡ ಕಂಪನಿಯವರು ನೋಡಲು ಬರುತ್ತಾರೆಂದು ಒಮ್ಮೆ ಮಗುವಿಗೊಂದು ಟವೆಲ್ಲು ಹೊಲಿಸಿದ್ದರು. ಹೊಲಿದವಳು ಈ ಇಲಾಸ್ಟಿಕ್ಕೇ. ಉಳಿದ ಚಿಂದಿಯಿಂದ ಆನೆ, ಆಮೆ, ಗೂಬೆ, ನವಿಲು ಕತ್ತರಿಸಿ ಒಂದೊಂದು ಟವೆಲ್ಲಿಗೆ ಒಂದೊಂದು ಕೂರಿಸಿದ್ದಳು. ತನ್ನ ಮಗ ಗುಂಡನಿಗೆ ಮೀನು. ನೀಲಿ ಮೀನು, ಕೆಂಪು ರೆಕ್ಕೆ. ಗುಂಡ ಅದನ್ನು ನೋಡಿ "ಮೀ! ಮೀ!" ಎಂದು ಕೈ ಚಾಚಿದ್ದ. ಬಂದವರು ನೋಡಿದರು, ಫೋಟೋ ತೆಗೆದರು, ಹೋದರು. ಟವೆಲ್ಲುಗಳು ಬೀರುವಿಗೆ ಹೋದವು. ಬೀರುವಿಗೆ ಬೀಗ ಬಿತ್ತು.

ಆ ರೂಮಿನ ನಲ್ಲಿಯಲ್ಲಿ ನೀರಿರಲಿಲ್ಲ. ಇದ್ದ ಪೈಪನ್ನು ಇಸ್ತ್ರಿ ವಿಭಾಗದ ಬಾಯ್ಲರಿಗೆ ತಿರುಗಿಸಿದ್ದರು. ಆಯಮ್ಮ ಬೆಳಿಗ್ಗೆ ಒಂದು ಟಬ್ಬಿನಲ್ಲಿ ನೀರು ಹೊತ್ತು ತಂದಿಟ್ಟರೆ ಸಂಜೆಯವರೆಗೆ ಅದೇ. ಕೈ ತೊಳೆಯಲೂ ಅದೇ, ಆಟದ ಸಾಮಾನು ತೊಳೆಯಲೂ ಅದೇ, ಕುಂಡೆ ತೊಳೆದ ಕೈ ಅದ್ದಲೂ ಅದೇ. ಮೊಳೆಗೆ ಒಂದು ಹಳೇ ಬಟ್ಟೆ. ಎಲ್ಲ ಮೂಗಿಗೂ ಎಲ್ಲ ಬಾಯಿಗೂ ಅದೊಂದೇ. ನಾಚಿಕೆಯಾಗಬೇಕು, ಹೇಳುವವರಿಗಲ್ಲ, ಮಾಡಿದವರಿಗೆ.

ಒಂದು ವಾರ ಮಕ್ಕಳಿಗೆಲ್ಲ ಬಾಯಿ ಹುಣ್ಣು ಶುರುವಾಯಿತು. ಅಂಗೈಯಲ್ಲಿ, ಅಂಗಾಲಿನಲ್ಲಿ ಸಣ್ಣ ಸಣ್ಣ ನೀರುಗುಳ್ಳೆ. ಗಿಳಿಯ ಮಗಳಿಗೂ ಬಂತು, ಹೋಯಿತು. ಗುಂಡನಿಗೂ ಬಂತು. ಅನ್ನ ಬಾಯಿಗಿಟ್ಟರೆ ಚೀರುತ್ತಿದ್ದ. ಸಂಜೆ ಮೈ ಕೆಂಡ. "ಎಲ್ಲ ಮಕ್ಕಳಿಗೂ ಬರೋದೇ ಕಣಮ್ಮ, ತಾನಾಗೇ ಹೋಗುತ್ತೆ," ಎಂದಳು ಆಯಮ್ಮ. ಅವಳು ಹೇಳಿದ್ದು ಸುಳ್ಳಲ್ಲ. ಹೆಚ್ಚಿನ ಮಕ್ಕಳಿಗೆ ತಾನಾಗೇ ಹೋಯಿತು.

ಆ ದಿನ ಬೆಳಿಗ್ಗೆಯೂ ಇವಳು ಔಷಧಿ ಕುಡಿಸಿದಳು. ಜಗಲಿಯಲ್ಲಿ ಹಣೆ ಒರೆಸಿದಳು. ಗುಂಡ ಭುಜದ ಮೇಲೆ ತೂಕಡಿಸುತ್ತಿದ್ದವನು ಸುಮ್ಮನೆ ಒಮ್ಮೆ ಬೆಚ್ಚಿದ. ಕನಸು ಕಂಡಿರಬೇಕು ಅಂದುಕೊಂಡಳು. ಆಯಮ್ಮ ಹಣೆ ಮುಟ್ಟಿದಳು. ತಣ್ಣಗಿತ್ತು.

ಮೆಷಿನ್ನಿನ ಮುಂದೆ ಕೂತು ಸ್ವಲ್ಪ ಹೊತ್ತಾಗಿತ್ತು. ಶೆಡ್ಡಿನ ಬಾಗಿಲಲ್ಲಿ ಆಯಮ್ಮ ಕಂಡಳು. ಸೂಪರ್‌ವೈಸರನ ಹತ್ತಿರ ಏನೋ ಹೇಳಿದಳು. ಮೆಷಿನ್ನುಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅವನು ಕೈ ಎತ್ತಿದ. ಆಯಮ್ಮ ಇನ್ನೊಂದು ಮಾತು ಹೇಳಿದಳು. ಅವನು ಮತ್ತೆ ಕೈ ಎತ್ತಿದ. ಆಯಮ್ಮ ತಿರುಗಿ ಹೋದಳು. ಇವಳು ನೋಡಿದಳು. ಯಾರದೋ ಮಗುವಿಗೆ ಏನೋ ಆಗಿದೆ ಅಂದುಕೊಂಡು ತಲೆ ಬಗ್ಗಿಸಿ ಇಲಾಸ್ಟಿಕ್ ಎಳೆದಳು. ಆ ಒಂದು ಗಳಿಗೆ ಇವತ್ತಿಗೂ ಅವಳ ಎದೆ ಕೊರೆಯುತ್ತದೆ.

ಊಟದ ಗಂಟೆಗೆ ಹೋಗಿ ನೋಡಿದರೆ ಗುಂಡನ ತುಟಿ ನೀಲಿ. ಮೈ ಜಗ್ ಜಗ್ ಎಂದು ಬೆಚ್ಚುತ್ತಿತ್ತು. ಕೂರಿಸಿದರೆ ಕುಡಿದವನ ಹಾಗೆ ವಾಲುತ್ತಿದ್ದ. ಮೂಗಿನ ಹೊಳ್ಳೆಗಳು ಅರಳಿ ಮುಚ್ಚಿ ಉಸಿರಿಗೆ ಒದ್ದಾಡುತ್ತಿದ್ದ. "ಬೆಳಿಗ್ಗೆನೇ ಹೇಳೋಕೆ ಬಂದಿದ್ದೆ ಕಣಮ್ಮ," ಎಂದು ಆಯಮ್ಮ ಅಳುತ್ತಿದ್ದಳು. "ಪೀಸು ಮುಗೀಲಿ ಅಂದ್ರು."

ಆಸ್ಪತ್ರೆಯಲ್ಲಿ ಮಗುವಿನ ಗಂಟಲಿಗೆ ನಳಿಗೆ ಇಳಿಸಿದರು. ಮೆಷಿನ್ನು ಅವನ ಬದಲು ಉಸಿರಾಡಿತು. ಡಾಕ್ಟರು ಚಿಕ್ಕ ವಯಸ್ಸಿನವಳು, ಕಣ್ಣ ಕೆಳಗೆ ಕಪ್ಪು. ಇವಳನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದಳು.

"ಇದು ಕೈ, ಕಾಲು, ಬಾಯಿಗೆ ಗುಳ್ಳೆ ಬರಿಸೋ ವೈರಸ್ಸು. ತುಂಬಾ ಮಕ್ಕಳಿಗೆ ಬರುತ್ತೆ, ಹೋಗುತ್ತೆ. ಎಲ್ಲೋ ಕೆಲವು ಮಕ್ಕಳಲ್ಲಿ ಮಿದುಳಿನ ಬುಡಕ್ಕೆ, ಬೆನ್ನುಹುರಿಗೆ ಇಳಿಯುತ್ತೆ. ಆಗ ಎದೆಬಡಿತ, ಉಸಿರು ಎರಡೂ ಹತೋಟಿ ತಪ್ಪುತ್ತೆ. ಇವನ ಶ್ವಾಸಕೋಶದಲ್ಲಿ ನೀರು ತುಂಬ್ಕೊಂಡಿದೆ. ಬಲಗಾಲೂ ಆಡ್ತಿಲ್ಲ."

"ನಾನು ಜ್ವರದ ಔಷಧಿ ಕುಡಿಸಿದೆ ಡಾಕ್ಟ್ರೇ. ಅದಕ್ಕೇ ಹೀಗಾಯ್ತಾ?"

"ಇಲ್ಲಮ್ಮ. ನಾನಾಗಿದ್ರೂ ಅದನ್ನೇ ಕೊಡ್ತಿದ್ದೆ. ಔಷಧಿಯಿಂದ ಇದು ಮಿದುಳಿಗೆ ಹೋಗಲ್ಲ. ಆದ್ರೆ ಮಗು ಹೀಗೆ ಬೆಚ್ಚಿಬೀಳೋದು, ವಾಲೋದು ಶುರುವಾದ ಕೂಡಲೇ ಕರ್ಕೊಂಡು ಬರಬೇಕು. ಒಂದು ಗಳಿಗೆನೂ ಕಾಯಬಾರದು."

"ಬೆಳಿಗ್ಗೆನೇ ಬಂದಿದ್ರೆ?"

ಡಾಕ್ಟರು ಇವಳ ಪಕ್ಕದಲ್ಲಿ ಕೂತಳು. "ಉಸಿರು ಕಟ್ಟೋಕೆ ಮುಂಚೆ ನಮ್ಮ ಕೈಗೆ ಸಿಕ್ತಿದ್ದ. ಕಾಲು ಉಳೀತಿತ್ತು ಅಂತ ನಾನು ಹೇಳಲಾರೆ. ಸುಳ್ಳು ಹೇಳಬಾರದು."

ಗುಂಡ ಬದುಕಿದ. ಬಲಗಾಲು ಹೋಯಿತು. ಇತ್ತು, ಆದರೆ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿತ್ತು. ನುಂಗಲು ಕಷ್ಟ. ಬಾಯಿಯಿಂದ ಜೊಲ್ಲು ಸುರಿಯುತ್ತಲೇ ಇರುತ್ತಿತ್ತು. ಮಾತು ನಿಂತುಹೋಗಿತ್ತು. ಅಮ್ಮ ಅನ್ನುತ್ತಿದ್ದವನು, ಮೀ ಅನ್ನುತ್ತಿದ್ದವನು, ಬರೀ ನೋಡುತ್ತಿದ್ದ. ಗಂಡ ಅನ್ನಿಸಿಕೊಂಡವನು ದೂರದ ಕೆಲಸದಿಂದ ಬಂದ, ಆಸ್ಪತ್ರೆಯ ಬಾಗಿಲಲ್ಲಿ ನಿಂತ. "ನೀನು ಹೆತ್ತ ತಾಯಿನಾ? ಜ್ವರ ಬಂದಿರೋ ಮಗೂನ ಹೊತ್ಕೊಂಡು ಕೆಲಸಕ್ಕೆ ಹೋಗ್ತೀಯಾ?" ಅಂದ. ಹೋದ. ಮತ್ತೆ ಬರಲಿಲ್ಲ.

ಇತ್ತ ಫ್ಯಾಕ್ಟರಿಯಲ್ಲಿ ಸುದ್ದಿ ಆಗಲೇ ಹಬ್ಬಿತ್ತು. ರೋಗ ತಂದವಳು ಅವಳೇ. ಜ್ವರ ಮುಚ್ಚಿಟ್ಟು ಕರೆತಂದಳು, ಎಲ್ಲರ ಮಕ್ಕಳಿಗೂ ಅಂಟಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ. ಗುಂಡನಿಗಿಂತ ಮೊದಲೇ ಗುಳ್ಳೆ ಬಂದ ಮಕ್ಕಳ ತಾಯಂದಿರೂ ತಲೆಯಾಡಿಸಿದರು. ಯಾಕೆ ಆಡಿಸರು? ಬೆರಳು ಇನ್ನೊಬ್ಬಳ ಕಡೆಗಿದ್ದರೆ ತಮ್ಮ ಬ್ಯಾಗಿನ ಬಾಟಲಿಯನ್ನು ಯಾರೂ ಕೇಳುವುದಿಲ್ಲವಲ್ಲ.

ಅವಳು ಮಗುವನ್ನು ಎತ್ತಿಕೊಂಡು ತಿರುವಿನಲ್ಲಿ ಬಂದರೆ ಜಗಲಿಯಲ್ಲಿ ಕೂತವರು ಎದ್ದು ಹೋಗುತ್ತಿದ್ದರು. ವಠಾರದ ನಲ್ಲಿಯಲ್ಲಿ ಅವಳ ಕೊಡ ಕಂಡರೆ ತಮ್ಮ ಕೊಡ ಸರಿಸುತ್ತಿದ್ದರು. ಗಿಳಿ ಎದುರಿಗೆ ಸಿಕ್ಕಳು ಒಂದು ದಿನ. ಮಗುವಿನ ಕಾಲು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು, ರಸ್ತೆ ದಾಟಿ ಹೋದಳು. ಗಂಡ ಬಿಟ್ಟಿದ್ದಕ್ಕೆ ಇವಳು ಅತ್ತಿರಲಿಲ್ಲ. ಅವತ್ತು ಮನೆಗೆ ಬಂದು ಬಾಗಿಲು ಹಾಕಿಕೊಂಡು, ಗುಂಡನ ಹೊಟ್ಟೆಯ ಮೇಲೆ ಮುಖ ಇಟ್ಟು ಅತ್ತಳು. ಗಿಳಿಯೂ ಮಾತು ಬಿಟ್ಟರೆ ಲೋಕದಲ್ಲಿ ಮಾತಾಡುವವರು ಇನ್ಯಾರು?

ಆಫೀಸಿನ ಮೇಡಂ ಕರೆಸಿದಳು. ಕುರ್ಚಿ ತೋರಿಸಿದಳು. ಕುರ್ಚಿ ತೋರಿಸಿದರೆ ಏನೋ ಬೇಕಾಗಿದೆ ಅಂತಲೇ ಅರ್ಥ.

"ನೀನು ಒಳ್ಳೆ ಕೆಲಸಗಾರ್ತಿ. ಕೆಲಸದಿಂದ ತೆಗೆಯೋ ಮನಸ್ಸು ನಮಗಿಲ್ಲ. ಆದ್ರೆ ಮಿಕ್ಕ ತಾಯಂದಿರಿಗೆ ಬುದ್ಧಿ ಬರಬೇಕಲ್ವಾ? ನಾಳೆ ಕೆಲಸ ಶುರುವಾಗೋ ಮುಂಚೆ ಮೈಕಿನಲ್ಲಿ ಎರಡು ಮಾತು ಹೇಳಿಬಿಡು. ಜ್ವರ ಮುಚ್ಚಿಟ್ಟಿದ್ದು ನನ್ನ ತಪ್ಪು, ಅದರಿಂದಲೇ ಹೀಗಾಯ್ತು ಅಂತ."

"ಮಗು?"

"ಅಂಥ ಮಗೂನ ಇಲ್ಲಿ ಹೇಗಮ್ಮ ನೋಡ್ಕೊಳ್ಳೋದು?"

"ನನಗೆ ಯಾರೂ ಇಲ್ಲ ಮೇಡಂ. ಇವನನ್ನ ಒಳಗೆ ಬಿಟ್ರೆ ನಾನು ಮೆಷಿನ್ನಿಗೆ ಕೂರಬಹುದು. ಬಿಡದಿದ್ರೆ ನಾವಿಬ್ರೂ ಬೀದಿಗೆ. ಅವನನ್ನ ತಗೊಳ್ತೀರಾ? ನೀವು ಹೇಳಿದ್ದನ್ನ ಹೇಳ್ತೀನಿ."

ಮೇಡಂ ಪೆನ್ನು ತಿರುಗಿಸಿದಳು. "ಸರಿ. ತಗೊಳ್ತೀವಿ. ಮೊದಲು ಹೇಳು."

ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಅವಳು ಆ ಮಾತನ್ನು ಕಲಿತಳು. ನನ್ನ ತಪ್ಪು. ನನ್ನ ತಪ್ಪಿನಿಂದಲೇ. ಮಾತಿಗೇನು, ಎಲುಬಿಲ್ಲದ ನಾಲಿಗೆ, ಹೇಗೆ ಹೊರಳಿಸಿದರೂ ಹೊರಳುತ್ತದೆ. ಮಗನಿಗೆ ಒಂದು ಜಾಗ ಸಿಕ್ಕರೆ ಸಾಕು. ಅವಮಾನ ಹೊಟ್ಟೆಗೆ ತಟ್ಟುವುದಿಲ್ಲ.

ಬೆಳಿಗ್ಗೆ ಗುಂಡನನ್ನು ಎತ್ತಿಕೊಂಡು ಮಕ್ಕಳ ರೂಮಿಗೆ ಹೋದಳು. ರೂಮು ಹೊಸದಾಗಿ ಗುಡಿಸಿತ್ತು. ತಾಯಂದಿರಿಗೆ ತೋರಿಸಲೆಂದು ಬೀರುವಿನ ಬೀಗ ತೆಗೆದಿದ್ದರು. ಗೋಡೆಯ ಮೇಲೆ ಸಾಲಾಗಿ ಟವೆಲ್ಲುಗಳು. ಆನೆ, ಆಮೆ, ಗೂಬೆ, ನವಿಲು. ನೀಲಿ ಮೀನು. ಅವಳು ನಲ್ಲಿ ತಿರುಗಿಸಿದಳು. ಬುಸ್ ಎಂದು ಗಾಳಿ ಬಂತು. ಮೂಲೆಯಲ್ಲಿ ಅದೇ ಟಬ್ಬು, ನೀರಿನ ಮೇಲೆ ಆಗಲೇ ಕೆನೆಗಟ್ಟಿದ ಕೊಳೆ.

ಗುಂಡನ ಗದ್ದದಿಂದ ಜೊಲ್ಲು ಇಳಿಯಿತು. ಅವಳು ಕೈ ಚಾಚಿ ಮೀನಿನ ಟವೆಲ್ಲು ತೆಗೆದಳು. ಆಯಮ್ಮ ಹೌಹಾರಿ ಓಡಿಬಂದು ಕಿತ್ತುಕೊಂಡಳು.

"ಅಯ್ಯೋ, ಮುಟ್ಟಬೇಡ್ವೇ! ಒದ್ದೆ ಆದ್ರೆ ಮೇಡಂ ನನ್ನ ಚರ್ಮ ಸುಲೀತಾರೆ. ಇದು ತೋರಿಸೋಕೆ ಇಟ್ಟಿದ್ದು."

ಹಾಗಂದು ಮೊಳೆಯಿಂದ ಹಳೇ ಬಟ್ಟೆ ತೆಗೆದು, ಟಬ್ಬಿನಲ್ಲಿ ಅದ್ದಿ, ಹಿಂಡಿ, ಗುಂಡನ ಬಾಯಿಯ ಹತ್ತಿರ ತಂದಳು. ತಾಯಿ ಮಗುವನ್ನು ರಪ್ಪನೆ ಹಿಂದಕ್ಕೆ ಎಳೆದುಕೊಂಡಳು. ಇದಕ್ಕಾಗಿ, ಈ ಟಬ್ಬಿಗಾಗಿ ತಾನು ಮೈಕಿನ ಮುಂದೆ ನಿಲ್ಲಬೇಕೆ?

"ಆಯಮ್ಮ, ನೀನು ಅವತ್ತು ಬೆಳಿಗ್ಗೆ ಬಂದಿದ್ದೆ. ಅದನ್ನ ಎಲ್ಲರ ಮುಂದೆ ಹೇಳ್ತೀಯಾ?"

ಆಯಮ್ಮ ನೆಲ ನೋಡಿದಳು. "ನನಗೂ ಹೊಟ್ಟೆ ಇದೆ ಕಣಮ್ಮ. ಈ ವಯಸ್ಸಿನಲ್ಲಿ ಇನ್ನೆಲ್ಲಿಗೆ ಹೋಗಲಿ?"

ಅವಳು ಗುಂಡನನ್ನು ಸೊಂಟಕ್ಕೇರಿಸಿ ಶೆಡ್ಡಿಗೆ ನಡೆದಳು. ಸತ್ತ ಕಾಲು ಅವಳ ತೊಡೆಗೆ ಬಡಿಯುತ್ತಿತ್ತು. ಶೆಡ್ಡಿನಲ್ಲಿದ್ದುದು ಒಂದೇ ಲೈನು. ಎಲ್ಲರೂ ಮೆಷಿನ್ನುಗಳ ಮುಂದೆ ನಿಂತಿದ್ದರು. ಮೇಡಂ ಮೈಕು ಕೊಟ್ಟಳು. ಸೂಪರ್‌ವೈಸರ್ ಗಡಿಯಾರ ನೋಡಿದ.

"ನಾನು ಜ್ವರದ ಔಷಧಿ ಕುಡಿಸಿ ಕರ್ಕೊಂಡು ಬಂದೆ," ಎಂದಳು. ಅವಳದೇ ದನಿ ಗೋಡೆಗೆ ಬಡಿದು ವಾಪಸು ಬಂತು. ಮೇಡಂ ತಲೆಯಾಡಿಸಿದಳು. "ಹೌದು, ಕುಡಿಸಿದೆ. ನೀವೂ ಕುಡಿಸ್ತೀರಿ. ಬ್ಯಾಗು ತೆಗೀರಿ, ಬಾಟಲಿ ಇಲ್ಲದವಳು ಯಾರು, ಕೈ ಎತ್ತಿ. ಮಗೂಗೆ ಜ್ವರ ಬಂದ್ರೆ ನಮಗೆ ರಜೆ ಯಾರು ಕೊಟ್ರು? ಒಂದೇ ಟಬ್ಬಿನಲ್ಲಿ ಎಲ್ಲ ಮಕ್ಕಳ ಕೈ, ಎಲ್ಲ ಮಕ್ಕಳ ಕುಂಡೆ. ನೀರು ಇಸ್ತ್ರಿಗೆ ಬೇಕಂತೆ. ಟವೆಲ್ಲು ತೋರಿಸೋಕಂತೆ. ರೋಗ ನಾನು ತಂದೆನಂತೆ! ಅವತ್ತು ಬೆಳಿಗ್ಗೆನೇ ಆಯಮ್ಮ ಬಂದು ಮಗು ಬೆಚ್ಚಿಬೀಳ್ತಿದೆ ಅಂದ್ಲು, ಇವರು ಪೀಸು..."

ಮೈಕು ಸತ್ತಿತು. ಸೂಪರ್‌ವೈಸರ್ ಸ್ವಿಚ್ಚಿನ ಹತ್ತಿರ ನಿಂತಿದ್ದ.

"ಸುಳ್ಳು! ಅವತ್ತು ಯಾರೂ ಬಂದಿರಲಿಲ್ಲ. ತಲೆ ಕೆಟ್ಟಿದೆ ಇವಳಿಗೆ. ಎಲ್ಲರೂ ಕೂತ್ಕೊಳ್ಳಿ, ಮೆಷಿನ್ ಹಾಕಿ."

ಯಾರೂ ಕೈ ಎತ್ತಲಿಲ್ಲ. ಬಾಟಲಿ ಇಲ್ಲದವಳೂ ಇಲ್ಲ, ಇದೆ ಎಂದವಳೂ ಇಲ್ಲ. ಒಬ್ಬೊಬ್ಬರಾಗಿ ಕೂತರು. ಮೆಷಿನ್ನುಗಳು ಶುರುವಾದವು. ಮೇಡಂ "ಇವತ್ತೇ ಇವಳ ಲೆಕ್ಕ ಮುಗಿಸಿ" ಅಂದು ಹೊರಗೆ ನಡೆದಳು.

ಗುಂಡನ ತಾಯಿ ಹೊರಗೆ ಹೋಗಲಿಲ್ಲ. ಮೈಕಿನ ಮಾತು ಮುಗಿದ ಮೇಲೆ ಕೂರಲೆಂದು ಆ ಬೆಳಿಗ್ಗೆ ಖಾಲಿ ಬಿಟ್ಟಿದ್ದ ತನ್ನ ಮೆಷಿನ್ನಿಗೆ ಹೋದಳು. ಬಂಡಲ್ಲುಗಳನ್ನು ಪಕ್ಕಕ್ಕೆ ಸರಿಸಿ ಗುಂಡನನ್ನು ಮೇಜಿನ ಮೇಲೆ ಕೂರಿಸಿದಳು. ವಾಲದಂತೆ ಒಂದು ಕೈ ಬೆನ್ನಿಗೆ ಕೊಟ್ಟಳು. ಸ್ಟೂಲಿನ ಮೇಲೆ ಕೂತಳು. ಎಡಗಡೆಯಿಂದ ಚಡ್ಡಿ ಬಂತು. ಮುಟ್ಟಲಿಲ್ಲ. ಮತ್ತೆ ಬಂತು. ಮುಟ್ಟಲಿಲ್ಲ. ಇಲಾಸ್ಟಿಕ್ ಇಲ್ಲದ ಚಡ್ಡಿಗಳು ಗುಂಡನ ಸುತ್ತ ಗುಡ್ಡೆಯಾದವು. ಬಲಗಡೆ ಗಿಳಿ ಕೈಯಲ್ಲಿದ್ದುದನ್ನು ಮುಗಿಸಿ ಖಾಲಿ ಕೂತಳು. ಅವಳ ಮುಂದಿನವಳೂ ಖಾಲಿಯಾದಳು. ಒಂದೊಂದೇ ಮೆಷಿನ್ನು ಸದ್ದು ಬಿಟ್ಟಿತು. ಹಿಂದಿನವರು ಪೀಸು ಇಡಲು ಜಾಗವಿಲ್ಲದೆ ನಿಲ್ಲಿಸಿದರು.

"ಏಯ್, ಏಳೇ ಮೇಲೆ!" ಎಂದ ಸೂಪರ್‌ವೈಸರ್.

"ಇವನಿಗೆ ಜಾಗ ಎಲ್ಲಿ ಅಂತ ಹೇಳಿ, ಏಳ್ತೀನಿ."

"ಲೈನ್ ನಿಂತಿದೆ!"

"ನಿಲ್ಲಲಿ. ಇವನ ಕಾಲೂ ನಿಂತಿದೆ."

ಅವನು ಗಿಳಿಯ ಕಡೆ ತಿರುಗಿದ. "ನೀನು ಆ ಬಂಡಲ್ ಎಳ್ಕೋ. ಇಲಾಸ್ಟಿಕ್ ನೀನೇ ಹಾಕು." ಗಿಳಿ ಅಲ್ಲಾಡಲಿಲ್ಲ. ಗುಂಡನ ಕಾಲನ್ನೇ ನೋಡುತ್ತಿದ್ದಳು. ಶೆಡ್ಡಿನಲ್ಲಿ ಈಗ ಫ್ಯಾನಿನ ಸದ್ದೊಂದೇ. ಇಷ್ಟು ಜನರ ನಡುವೆ ಕೂತಿದ್ದರೂ ಗುಂಡನ ತಾಯಿಗೆ ಬಯಲಿನಲ್ಲಿ ಒಬ್ಬಳೇ ಕೂತ ಹಾಗಿತ್ತು. ಮೇಜಿನ ಮೇಲೆ ಮಗ, ಸುತ್ತ ಬೇರೆ ಯಾರದೋ ಮಕ್ಕಳ ಚಡ್ಡಿ.

ಆಗ ಬಾಗಿಲಲ್ಲಿ ಆಯಮ್ಮ ಬಂದು ನಿಂತಳು. ಅವತ್ತು ನಿಂತಿದ್ದ ಜಾಗದಲ್ಲೇ. ಕೈಯಲ್ಲಿ ಮೀನಿನ ಟವೆಲ್ಲು. "ಸಾರ್," ಎಂದಳು.

ಸೂಪರ್‌ವೈಸರ್ ತಿರುಗಿಯೂ ನೋಡಲಿಲ್ಲ. ಕೈ ಎತ್ತಿದ. "ಪೀಸು ಮುಗೀಲಿ!"

ಒಂದೇ ಒಂದು ಮೆಷಿನ್ನೂ ಓಡುತ್ತಿರಲಿಲ್ಲ. ಮಾತು ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಯಿತು. ಹೇಳಿದ ಮೇಲೆ ಅವನಿಗೇ ಕೇಳಿಸಿತು. ಎತ್ತಿದ ಕೈ ಅಲ್ಲೇ ಉಳಿಯಿತು.

"ಯಾವ ಪೀಸು ಸಾರ್?" ಎಂದಳು ಆಯಮ್ಮ. "ಲೈನೇ ನಿಂತಿದೆ. ಅವತ್ತೂ ಹೀಗೇ ಅಂದ್ರಿ. ಮಗು ಬೆಚ್ಚಿಬೀಳ್ತಿದೆ, ತಾಯೀನ ಕಳಿಸಿ ಅಂದೆ. ಕೈ ಎತ್ತಿ ಇದೇ ಮಾತು ಅಂದ್ರಿ. ಎರಡು ಸಲ ಅಂದ್ರಿ. ನಾನು ಬಂದಿದ್ದೆ."

ಯಾರೂ ನಗಲಿಲ್ಲ. ಗಿಳಿ ಪೆಡಲಿನ ಮೇಲಿದ್ದ ಕಾಲು ತೆಗೆದು ನೆಲಕ್ಕಿಟ್ಟಳು.

ಆಯಮ್ಮ ಮೆಷಿನ್ನುಗಳ ನಡುವೆ ನಡೆದು ಬಂದು ಟವೆಲ್ಲನ್ನು ಗುಂಡನ ತಾಯಿಯ ಕೈಯಲ್ಲಿಟ್ಟಳು. ಸೂಪರ್‌ವೈಸರ್ ಗೇಟಿಗೆ ಫೋನು ಮಾಡುತ್ತಿದ್ದ. ಹೊರಗಿನ ಸಿಮೆಂಟಿನ ಮೇಲೆ ಕಾವಲಿನವರ ಬೂಟಿನ ಸದ್ದು ಹತ್ತಿರವಾಯಿತು.

ಟವೆಲ್ಲು ಹೊಸ ಬಟ್ಟೆಯ ಗಂಜಿಯಿಂದ ಬಿರುಸಾಗಿತ್ತು. ಮೊದಲ ಸಲ ಒರೆಸಿದಾಗ ಜೊಲ್ಲು ಹೀರಲಿಲ್ಲ. ಕೈಯಲ್ಲಿ ಉಜ್ಜಿ ಮೆತ್ತಗೆ ಮಾಡಿ ಮತ್ತೆ ಒರೆಸಿದಳು. ಮೀನು ಒದ್ದೆಯಾಯಿತು. ಗುಂಡ ಅದರ ಕೆಂಪು ರೆಕ್ಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಮೀ ಅನ್ನಲಿಲ್ಲ.

ಕಾವಲಿನವರು ಬಂದು ಪಕ್ಕದಲ್ಲಿ ನಿಂತರು. ಅವಳು ಏಳಲಿಲ್ಲ.